ಟಾಪ್ ಮೇಲೆ ಹತ್ತಬೇಕಿದ್ದ ಸೈನ್ಯ

ತೊಂಬತ್ತೆಂಟರ ಮಾತು. ನಮ್ಮ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ಬಡಗಿ. ಮನೆಗೆ ಬಂದರೆ ಬೆರಳುದ್ದದ ಮರದ ಸೈನಿಕರನ್ನು ಕೆತ್ತಿ ಬಣ್ಣ ಹಚ್ಚುವುದೇ ಕೆಲಸ. ಮೇಜಿನ ಮೇಲೆ ಆ ಸೈನಿಕರನ್ನಿಟ್ಟು ಯುದ್ಧದ ಆಟ. ಆಟದ ಜೊತೆಗಾರ ಹಿರಿಯಣ್ಣ ಇದ್ದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಅಲ್ಲಿಗೆ ಒಯ್ಯುವಾಗ ಬಸ್ಸಿನ ಕುಲುಕಾಟಕ್ಕೆ ಪ್ರತಿ ಸಲವೂ ಸೈನಿಕರ ಭರ್ಜಿಗಳು ಮುರಿಯುತ್ತಿದ್ದವು.

“ಮೊಟ್ಟೆ ಟ್ರೇಯಲ್ಲಿಟ್ಟರೆ ಒಂದೂ ಮುರಿಯಲ್ಲ ಕಣೇ,” ಅಂದರು ಒಂದು ದಿನ.

“ಲಿಂಗ ಕಟ್ಟಿಕೊಂಡವರ ಮನೆಗೆ ಮೊಟ್ಟೆ ಟ್ರೇನಾ? ಅದು ಒಳಗೆ ಬಂದರೆ ನಾನು ಹೊರಗೆ!” ಅಂತ ರೇಗಿದೆ. ನನ್ನ ಹಳೇ ಸೀರೆ ಹರಿದು ಒಬ್ಬೊಬ್ಬ ಸೈನಿಕನಿಗೂ ಸುತ್ತಿ, ರಟ್ಟಿನ ಡಬ್ಬಕ್ಕೆ ತುಂಬಿದೆ.

ಆ ಭಾನುವಾರ ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕ್ಲೀನರ್ ಇವರ ಕೈಯಿಂದ ಡಬ್ಬ ಕಿತ್ತುಕೊಂಡು, ಟಾಪ್ ಮೇಲಿದ್ದವನಿಗೆ ಎಸೆಯಲು ಎತ್ತಿಯೇಬಿಟ್ಟ.

“ಮೆತ್ತಗಪ್ಪಾ, ಗೊಂಬೆ ಇವೆ,” ಅಂದರು ಇವರು.

“ಗೊಂಬೆಗೇನಾಗುತ್ತೆ ಬಿಡಿ ಸಾರ್!”

ಇವರ ಮುಖ ಬಿಳಿಚಿಕೊಂಡಿತು. ನನಗೆ ತಡೆಯಲಾಗಲಿಲ್ಲ. “ಎಸೀಬೇಡ ಮಾರಾಯ, ಒಳಗೆ ಮೊಟ್ಟೆ ಇದೆ!” ಅಂತ ಕಿರುಚಿದೆ.

ಎತ್ತಿದ ಕೈ ಅಲ್ಲೇ ನಿಂತಿತು. ಡಬ್ಬ ಮೆಲ್ಲಗೆ ಇಳಿದು ನನ್ನ ಕೈಗೆ ಬಂತು.

ಬಸ್ಸಿನ ಕಿಟಕಿಯಿಂದ ನಮ್ಮ ಮಠದ ವಿಶ್ವಾರಾಧ್ಯ ಶಾಸ್ತ್ರಿಗಳು ನನ್ನ ಹಣೆಯ ವಿಭೂತಿಯನ್ನೇ ನೋಡುತ್ತಿದ್ದರು. “ಏನಮ್ಮಾ ದಾಕ್ಷಾಯಣಿ, ಡಬ್ಬದಲ್ಲಿ ಏನಂದೆ?”

ಕ್ಲೀನರ್ ಇನ್ನೂ ಪಕ್ಕದಲ್ಲೇ ನಿಂತಿದ್ದ.

“ನಾಟಿ ಮೊಟ್ಟೆ, ಶಾಸ್ತ್ರಿಗಳೇ,” ಅಂದೆ.