ಹಿಮ ಕಾಯುವ ಕಿಟಕಿಗಳು

ಐರಿಶ್ ಊರು ಕಿಲ್ಕೆನ್ನಿಯಲ್ಲಿ ಚಳಿಗಾಲದ ಸಂಜೆ ಐದಕ್ಕೇ ಕತ್ತಲೆ. ನಾಳೆ ಇಲ್ಲಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಬೇಕು. ಮಾಸ್ಕಿನೊಳಗೇ ಏದುಸಿರು ಬಿಡುತ್ತಾ, ಗೆಳತಿ ವೀಣಾ ಇರುವ ಬೀದಿಗೆ ಸೂಟ್‌ಕೇಸ್ ಎಳೆದುಕೊಂಡು ಬಂದೆ. ಒಂದು ಮನೆಯಲ್ಲೂ ದೀಪವಿಲ್ಲ. ಮನೆ ನಂಬರ್ ನೋಡಿಕೊಳ್ಳಲು ಬೀದಿದೀಪದ ಕೆಳಗೆ ನಿಂತಾಗ ಕಂಡಿತು: ಪ್ರತಿ ಕಿಟಕಿಯ ಕತ್ತಲಲ್ಲೂ ಒಂದೊಂದು ಮುಖ. ಎಲ್ಲವೂ ನನ್ನ ತಲೆಯ ಮೇಲಕ್ಕೇ ನೋಡುತ್ತಿದ್ದವು. ಸೂಟ್‌ಕೇಸ್ ಬಿಟ್ಟು ಓಡೋಣ ಅನ್ನಿಸಿತು.

ಅಷ್ಟರಲ್ಲಿ ವೀಣಾ ಬಾಗಿಲು ತೆರೆದು ಒಳಗೆಳೆದುಕೊಂಡಳು. "ಲೈಟ್ ಹಾಕ್ಬೇಡ. ಸ್ನೋ ಕಾಯ್ತಿದೀವಿ. ಕಂಬದ ಬೆಳಕಲ್ಲೇ ಮೊದಲು ಕಾಣೋದು. ಈ ಕಡೆ ಬೀಳೋದೇ ಅಪರೂಪ, ಆದ್ರೂ ಪ್ರತಿ ಚಳಿಗಾಲ ಬೀದಿಯ ವಾಟ್ಸಾಪ್ ಗ್ರೂಪಲ್ಲಿ ಬರುತ್ತೆ, ಬರಲ್ಲ ಅಂತ ಜಗಳ. ಏಳನೇ ನಂಬರಿನ ತಾತ ಮೊದಲು ನೋಡಿ ಮನೆ ಲೈಟ್ ಹಾಕೋರು. ಆಮೇಲೇ ನಾವೆಲ್ಲ ಲೈಟ್ ಹಾಕಿ ಹೊರಗೆ ಓಡೋದು."

"ಈಗ?"

"ಏಪ್ರಿಲಲ್ಲಿ ಕೋವಿಡ್‌ನಿಂದ ಹೋಗ್ಬಿಟ್ರು. ಇದೇ ಕಿಟಕಿಗಳಲ್ಲಿ ನಿಂತು ಶವದ ಗಾಡಿ ಕಳಿಸಿಕೊಟ್ವಿ."

ಕಂಬದ ಬೆಳಕಿನಲ್ಲಿ ಹತ್ತಿಯಂಥ ಎರಡು ಚೂರು ತೇಲುತ್ತಾ ಇಳಿದವು. ಮತ್ತೆ ಹತ್ತು, ಮತ್ತೆ ಲೆಕ್ಕವೇ ಇಲ್ಲ.

"ಬಿತ್ತು ಕಣೇ! ಹಾಕ್ಲಾ?" ಎಂದು ಸ್ವಿಚ್ಚಿಗೆ ಕೈ ಚಾಚಿದೆ. ವೀಣಾ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಬೀದಿಯಲ್ಲಿ ಒಂದು ದೀಪವೂ ಹತ್ತಲಿಲ್ಲ. ಹಿಮ ಸುರಿಯುತ್ತಲೇ ಇತ್ತು, ಅದನ್ನು ಈಗ ಯಾರೂ ನೋಡುತ್ತಿರಲಿಲ್ಲ. ಕಿಟಕಿಯ ಮುಖಗಳೆಲ್ಲ ಏಳನೇ ನಂಬರಿನ ಕಡೆ ತಿರುಗಿದ್ದವು.