ಮಿನುಗದೆ ನಿಂತ ದೀಪ

ಸಿಂಚನಾ, ಪ್ರಣವ, ನಿಮ್ಮಪ್ಪ ಗೆಳೆಯನ ಸ್ಪೋರ್ಟ್ಸ್ ಕಾರಿನಲ್ಲಿ ನನ್ನನ್ನು ಭಟ್ಕಳದಿಂದ ಕುಮಟೆಗೆ ಕರೆದೊಯ್ಯುತ್ತಿದ್ದಾರೆ. ಇರುವುದು ಎರಡೇ ಸೀಟು. ಅಳಿಯನೆದುರು ಎಂದೂ ಬಾಯಿಬಿಡದ ನಾನು ಅವರ ಪಕ್ಕದಲ್ಲೇ ಕೂರಬೇಕಾಯಿತು. ಮಳೆಯಲ್ಲಿ ಹೋಗುತ್ತಿರುವಾಗ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಮಿನುಗಿತು. ಅದರಲ್ಲಿ ಜಾರುವ ಕಾರಿನ ಚಿತ್ರ. "ಎಂತದೋ ದೀಪ ಹತ್ತಿ ಹತ್ತಿ ಆರ್ತದೆ" ಎಂದು ಕಿಟಕಿಗೆ ಹೇಳಿದೆ.

"ಮಿನುಗಿದ್ರೆ ಹೆದ್ರೂದು ಬೇಡ ಅತ್ತೆ. ಚಕ್ರ ಜಾರಿದ್ರೆ ಕಾರೇ ಹಿಡೀತದೆ. ಆರದೇ ಉಳಿದ್ರೆ ಹೇಳಿ, ಆಗ ಹಿಡಿಯೂಕೆ ಯಾರೂ ಇಲ್ಲ."

ಹೊನ್ನಾವರದ ಸೇತುವೆಯ ಮೇಲೆ ದೀಪ ಮಿನುಗದೆ ಉರಿಯತೊಡಗಿತು. ಅವರು ರಸ್ತೆಯನ್ನೇ ನೋಡುತ್ತಿದ್ದರು. ಕೆಳಗೆ ಶರಾವತಿ. ಮೊದಲ ಸಲ ಅವರ ಮುಖ ನೋಡಿ, "ದೀಪ ಆರ್ಲಿಲ್ಲ, ನಿಧಾನ ಹೋಗಿ" ಎಂದೆ.

"ಆತು ಅತ್ತೆ" ಎಂದು ವೇಗ ಇಳಿಸಿದರು.

ಹಳದೀಪುರದ ಚಹದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೂ ದೀಪ ಹಾಗೇ ಇದೆ. ಮಳೆ ನಿಂತಿಲ್ಲ, ಕುಮಟೆಗೆ ಇನ್ನೂ ದಾರಿಯಿದೆ. ಈ ಹಾಳೆಗಳು ನಿಮ್ಮ ಕೈ ಸೇರಿದರೆ ಜೋಪಾನವಾಗಿಡಿ, ಮಕ್ಕಳೇ.