ಶಿರಾ ದಾಟಿ ನಿಂತ ಗಾಡಿ

ಇವತ್ತು ಹೆಬ್ಬಾಳದ ಬಂಕಿನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪ ನೆನಪಾದರು.

ಆಗ ನಮ್ಮ ಮನೆ ಯಲಹಂಕದಲ್ಲಿತ್ತು. ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವರ ಹಳೆಯ ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್ ಇತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅಜ್ಜಿ, ಅಂದರೆ ಅಮ್ಮನ ತಾಯಿ, ಹಾಸಿಗೆ ಹಿಡಿದಿದ್ದಾರೆ, ಕೂಡಲೇ ಹೊರಟು ಬನ್ನಿ ಎಂದು ಚಿತ್ರದುರ್ಗದಿಂದ ತಂತಿ ಬಂದಾಗ ಮೂವರೂ ಅದರಲ್ಲೇ ಹೊರಟೆವು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಶಿರಾ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿತು. ಅಪ್ಪ ಕಾರ್ಬೊರೇಟರ್ ಬಿಚ್ಚಿ, ತಿಂಡಿ ಡಬ್ಬಿಯ ಮುಚ್ಚಳಕ್ಕೆ ಪೆಟ್ರೋಲ್ ಸುರಿದು, ಒಂದೊಂದೇ ಭಾಗ ತೊಳೆಯತೊಡಗಿದರು. ಅಷ್ಟರಲ್ಲಿ ದೂರದಲ್ಲಿ ದುರ್ಗದ ಬಸ್ಸು ಕಂಡಿತು.

“ನಾನೂ ಮಗೂನೂ ಇದ್ರಲ್ಲಿ ಹೋಗಿರ್ತೀವಿ. ನೀವು ಆಮೇಲೆ ಬನ್ನಿ,” ಎಂದು ಅಮ್ಮ ಕೈ ಎತ್ತಿದಳು.

“ಗಾಡಿ ಇಟ್ಕೊಂಡು ಹೆಂಡ್ತೀನ ಬಸ್ಸಲ್ಲಿ ಕಳಿಸಿದ್ರೆ ನಿಮ್ಮೋರು ನಗ್ತಾರೆ. ಕೂತ್ಕೊ, ಇನ್ನೇನ್ ಆಗೋಯ್ತು,” ಎಂದರು ಅಪ್ಪ.

ಅಮ್ಮ ಎತ್ತಿದ ಕೈ ಇಳಿಸಿದಳು. ಬಸ್ಸು ನಮ್ಮ ಮೇಲೆ ಧೂಳೆರಚಿ ಹೋಯಿತು. ಗಾಡಿ ಮತ್ತೆ ಹೊರಟಾಗ ಹೊತ್ತು ಇಳಿದಿತ್ತು.

ನಾವು ತಲುಪುವಾಗ ಅಜ್ಜಿಯನ್ನು ಜಗಲಿಯ ಮೇಲೆ ಮಲಗಿಸಿ, ಅಮ್ಮನಿಗಾಗಿ ಕಾಯುತ್ತಿದ್ದರು.

“ಮಧ್ಯಾಹ್ನದವರೆಗೂ ಮಾತಾಡ್ತಿದ್ಲು ಕಣಮ್ಮ. ಬಂದ್ಲಾ, ಬಂದ್ಲಾ ಅಂತ ನಿನ್ನನ್ನೇ ಕೇಳ್ತಿದ್ಲು,” ಎಂದರು ಸೋದರಮಾವ. ಆ ಬಸ್ಸು ಅದಕ್ಕೂ ಮೊದಲೇ ಊರು ಸೇರಿತ್ತು.

ಅಪ್ಪ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ, “ದಾರೀಲಿ ಗಾಡಿ ಕೆಟ್ಟೋಯ್ತು,” ಎಂದರು.

“ರಿಪೇರಿ ಆಯ್ತಲ್ಲ, ಬಿಡಿ,” ಎಂದಳು ಅಮ್ಮ. ಯಲಹಂಕಕ್ಕೆ ಮರಳುವಾಗ ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಆಮೇಲೆ ಆ ಗಾಡಿಯಲ್ಲಿ ಅವಳು ಕೂರಲೇ ಇಲ್ಲ.

ಈಗ ಇಬ್ಬರೂ ಇಲ್ಲ. ಎಂಥ ಗಾಡಿಗಾದರೂ ಜೀವ ತುಂಬುತ್ತಿದ್ದ ಮನುಷ್ಯ ಎಂದು ನೆಂಟರು ಅಪ್ಪನನ್ನು ಹೊಗಳಲು ಶುರುಮಾಡಿದರೆ, ನಾನು ಎದ್ದು ಒಳಗೆ ಹೋಗುತ್ತೇನೆ.